ಹೂ ಬಿಡದ ಅವರೆ

ಎರಡು ವರ್ಷದ ಹಿಂದೆ, ಆಗಸ್ಟ್ ತಿಂಗಳಲ್ಲಿ ಒಂದು ದಿನ, ನಾನೂ ಮಗಳೂ ಎರಡು ಮಾರುದ್ದದ ಅವರೆ ಬಳ್ಳಿಯನ್ನು ಕಸದ ಚೀಲಕ್ಕೆ ತುರುಕಿಕೊಂಡು ಆಫೀಸೊಂದಕ್ಕೆ ಹೋದೆವು. ಬಳ್ಳಿಗೆ ಯಾವ ರೋಗವೂ ಇರಲಿಲ್ಲ. ಎಲೆ ಅಂಗೈ ಅಗಲ ಇತ್ತು. ಬೇಲಿ ಹತ್ತಿ, ಬೇಲಿ ದಾಟಿ, ಪಕ್ಕದ ಮನೆಯವರು ಹುಲ್ಲು ಕತ್ತರಿಸುವ ಮಶೀನು ಇಡುವ ಶೆಡ್ಡನ್ನೂ ಏರಿತ್ತು. ಆದರೆ ಒಂದೇ ಒಂದು ಹೂವಿಲ್ಲ. ಮೊಗ್ಗಿನ ಸುಳಿವೂ ಇಲ್ಲ.

ನಾವಿರುವುದು ಅಮೆರಿಕದ ಅಯೋವಾ ರಾಜ್ಯದ ಒಂದು ಹಳ್ಳಿಗಾಡು ಕೌಂಟಿಯಲ್ಲಿ. ಕೌಂಟಿ ಅಂದರೆ ನಮ್ಮ ತಾಲೂಕಿಗೂ ಜಿಲ್ಲೆಗೂ ನಡುವಿನ ಒಂದು ಅಳತೆ ಅಂದುಕೊಳ್ಳಿ. ಅಯೋವಾದಲ್ಲಿ ಇಂಥವು 99 ಇವೆ. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದೆವು. ಊರಿನ ಮೂರು ದಿಕ್ಕಿಗೆ ಮುಸುಕಿನ ಜೋಳ, ನಾಲ್ಕನೇ ದಿಕ್ಕಿಗೆ ಸೋಯಾ. ಮರುವರ್ಷ ಅದಲುಬದಲು. ಹಾಸನದ ಕಡೆಯ ಹಳ್ಳಿಯಲ್ಲಿ ಬೆಳೆದ ನನಗೆ ಹೊಲ ಹೊಸದಲ್ಲ. ಹೊಲದಲ್ಲಿ ಮನುಷ್ಯರೇ ಕಾಣದಿರುವುದು ಹೊಸದು.

ಆಫೀಸು ಅಂದೆನಲ್ಲ, ಅದು ಕೌಂಟಿಯ ಕೃಷಿ ವಿಸ್ತರಣಾ ಕಚೇರಿ. ಇಲ್ಲಿ ಎಲ್ಲರೂ ‘ಎಕ್ಸ್‌ಟೆನ್ಷನ್’ ಅಂತಲೇ ಕರೆಯುತ್ತಾರೆ. ಒಂದಂತಸ್ತಿನ ಇಟ್ಟಿಗೆ ಕಟ್ಟಡ. ಒಳಗೆ ಹೋದರೆ ಗೋಡೆಗೊಂದು ಕರಪತ್ರಗಳ ಸ್ಟ್ಯಾಂಡು. ಕೌಂಟರಿನ ಹಿಂದೆ ಒಬ್ಬ ಹೆಂಗಸು. ಕೌಂಟರಿನ ಮೇಲೆ ಯಾರೋ ತಂದಿಟ್ಟ ಸತ್ತ ಜೀರುಂಡೆಯ ಬಾಟಲಿ, ಪ್ಲಾಸ್ಟಿಕ್ ಕವರಿನಲ್ಲಿ ಕಳೆಗಿಡ, ಮಣ್ಣಿನ ಪೊಟ್ಟಣ. ಬೇಸಿಗೆಯ ಮೊದಲು ಬಂದರೆ ಪ್ರೆಶರ್ ಕ್ಯಾನರಿನ ಮುಚ್ಚಳಗಳೂ ಇರುತ್ತವೆ. ಇಲ್ಲಿನ ಹೆಂಗಸರು ಬೀನ್ಸು, ಜೋಳ ಎಲ್ಲ ಗಾಜಿನ ಜಾಡಿಯಲ್ಲಿ ಬೇಯಿಸಿ ಚಳಿಗಾಲಕ್ಕೆ ಇಡುತ್ತಾರೆ. ಆ ಮುಚ್ಚಳದ ಮೇಲಿನ ಒತ್ತಡದ ಮುಳ್ಳು ತಪ್ಪು ತೋರಿಸಿದರೆ ಜಾಡಿಯೊಳಗೆ ವಿಷವಾಗಬಹುದು. ಅದಕ್ಕೇ ವರ್ಷಕ್ಕೊಮ್ಮೆ ತಂದು ಇಲ್ಲಿ ಪರೀಕ್ಷೆ ಮಾಡಿಸುತ್ತಾರೆ. ಒಂದೇ ಕೌಂಟರಿನಲ್ಲಿ ಜೀರುಂಡೆ, ಮಣ್ಣು, ಅಡುಗೆ ಪಾತ್ರೆ. ನನಗೆ ಆ ಜಾಗ ನೋಡಿದ ಕೂಡಲೇ ಹಿಡಿಸಿತು.

ಕೌಂಟರಿನ ಹೆಂಗಸು ಬಳ್ಳಿಯನ್ನು ಹೊರಗೆಳೆದು, ನೋಡಿ, ನಕ್ಕರು. ‘ಇದು ನಮಗೆ ಗೊತ್ತು. ಹೂವಿನ ಅಂದಕ್ಕೆ ಬೇಲಿಗೆ ಹಬ್ಬಿಸುತ್ತೇವೆ’ ಅಂದರು. ಇವರು ಬೆಳೆಸುವುದು ನೇರಳೆ ಹೂವಿನ, ನೇರಳೆ ಕಾಯಿಯ ಜಾತಿ. ಅದು ಇಲ್ಲಿ ಹೂ ಬಿಡುತ್ತದೆ. ಇದರ ಕಾಳನ್ನು ನಾವು ತಿನ್ನುತ್ತೇವೆ ಅಂತ ಮಗಳು ಹೇಳಿದಳು. ಅವರ ಮುಖ ಬದಲಾಯಿತು. ಸೀದಾ ಸ್ಟ್ಯಾಂಡಿನ ಹತ್ತಿರ ಹೋಗಿ ಒಂದು ಹಾಳೆ ತಂದು ಬೆರಳಿಟ್ಟು ತೋರಿಸಿದರು. ಒಣಗಿದ ಕಾಳು ವಿಷ ಅಂತ ಬರೆದಿತ್ತು. ಅದು ಸುಳ್ಳಲ್ಲ. ಒಣ ಅವರೆಯನ್ನು ಬೇಯಿಸದೆ ತಿಂದರೆ ಅದರೊಳಗಿನ ಸಯನೈಡ್ ಸಂಬಂಧದ ಅಂಶ ಕೆಟ್ಟದ್ದೇ. ನಮ್ಮಲ್ಲಿ ಯಾರೂ ಹಾಗೆ ತಿನ್ನುವುದಿಲ್ಲ, ಅಷ್ಟೆ. ನೆನೆಹಾಕಿ, ಚಿಲುಕಿಸಿ, ನೀರು ಚೆಲ್ಲಿ, ಬೇಯಿಸಿ, ಆಮೇಲೆ ಸಾರು. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು. ಹಿತುಕಿದ ಅವರೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕೋ ಇವತ್ತಿಗೂ ತಿಳಿಯದು.

ಅವರು ಬಳ್ಳಿಯ ಫೋಟೋ ತೆಗೆದರು. ಬೀಜ ಬಿತ್ತಿದ್ದು ಯಾವಾಗ, ಬೀಜ ಎಲ್ಲಿಯದು, ಗೊಬ್ಬರ ಏನು ಅಂತ ಕೇಳಿ ಬರೆದುಕೊಂಡರು. ‘ನನಗೆ ಗೊತ್ತಿಲ್ಲ. ಗೊತ್ತಿರುವವರನ್ನು ಕೇಳಿ ಹೇಳುತ್ತೇನೆ’ ಅಂದರು. ಸರ್ಕಾರಿ ಕೌಂಟರಿನ ಹಿಂದೆ ಕೂತವರ ಬಾಯಲ್ಲಿ ಈ ಮಾತು ನಾನು ಕೇಳಿದ್ದು ಅದೇ ಮೊದಲು ಅಂತ ಕಾಣುತ್ತದೆ.

ಎರಡು ದಿನಕ್ಕೆ ರಾಜ್ಯದ ಕೃಷಿ ವಿಶ್ವವಿದ್ಯಾಲಯದ ತೋಟಗಾರಿಕೆಯವರಿಂದ ಉತ್ತರ ಬಂತು. ಬಳ್ಳಿ ಆರೋಗ್ಯವಾಗಿದೆ. ಅದು ಹಗಲು ಚಿಕ್ಕದಾಗುವುದನ್ನು ಕಾಯುತ್ತಿದೆ. ಅಯೋವಾದಲ್ಲಿ ಜೂನ್ ತಿಂಗಳ ಹಗಲು ಹದಿನೈದು ಗಂಟೆ ದಾಟುತ್ತದೆ. ಹಾಸನದಲ್ಲಿ ವರ್ಷದ ಅತಿ ಉದ್ದದ ಹಗಲೂ ಹದಿಮೂರು ಗಂಟೆ ಮುಟ್ಟುವುದಿಲ್ಲ. ಇಲ್ಲಿ ಹಗಲು ಆ ಮಟ್ಟಕ್ಕೆ ಇಳಿಯುವುದು ಸೆಪ್ಟೆಂಬರಿನಲ್ಲಿ. ಆಮೇಲೆ ಮೊಗ್ಗು ಬಂದರೂ ಕಾಯಿ ಕಟ್ಟುವ ಮೊದಲೇ ಹಿಮ ಬೀಳುತ್ತದೆ.

ಅವತ್ತು ರಾತ್ರಿ ಮಗಳು ಊರಿಗೆ ಫೋನು ಮಾಡಿ ತಾತನಿಗೆ ಈ ಸುದ್ದಿ ಹೇಳಿದಳು. ನಮ್ಮಪ್ಪ ಪೂರ್ತಿ ಕೇಳಿ, ‘ಅದನ್ನ ಕೇಳಕ್ಕೆ ಯೂನಿವರ್ಸಿಟಿ ತನಕ ಹೋಗ್ಬೇಕಿತ್ತೇನವ್ವ? ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವ? ಹೊತ್ತು ಕುಗ್ಗಬೇಕು, ಇಬ್ಬನಿ ಬೀಳಬೇಕು, ಆಗ್ಲೇ ಅವರೆ ಹೂವು’ ಅಂದರು. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಮುಂಗಾರಿಗೆ ಬಿತ್ತಿದ ಅವರೆ ದೀಪಾವಳಿಯ ಹೊತ್ತಿಗೆ ಹೂವಾಗುವುದನ್ನು ಎಪ್ಪತ್ತು ವರ್ಷ ನೋಡಿದವರು ಅವರು. ಸರಿ, ತಪ್ಪು ನಮ್ಮದೇ.

ಅವರೆ ಬೆಳೆದದ್ದು ಸುಮ್ನೆ ಅಲ್ಲ. ಮಗಳು ಆಗ ಐದನೇ ಕ್ಲಾಸು. ಇಲ್ಲಿನ ‘ಫೋರ್ ಎಚ್’ ಕ್ಲಬ್ಬಿಗೆ ಸೇರಿದ್ದಳು. ಎಕ್ಸ್‌ಟೆನ್ಷನ್ ಆಫೀಸು ನಡೆಸುವ ಮಕ್ಕಳ ಕಾರ್ಯಕ್ರಮ ಅದು. ತಲೆ, ಹೃದಯ, ಕೈ, ಆರೋಗ್ಯ, ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ಮೊದಲಕ್ಷರ ಎಚ್. ಗುರುತು ನಾಲ್ಕೆಲೆಯ ಹಸಿರು ಕ್ಲೋವರ್. ಪ್ರತಿ ಎಲೆಯ ಮೇಲೂ ಒಂದು ಎಚ್. ಸಭೆ ಶುರುವಾಗುವಾಗ ಎಲ್ಲರೂ ಎದ್ದು ನಿಂತು ಪ್ರತಿಜ್ಞೆ ಹೇಳುತ್ತಾರೆ. ನನ್ನ ಕ್ಲಬ್ಬಿಗಾಗಿ, ನನ್ನ ಸಮುದಾಯಕ್ಕಾಗಿ, ನನ್ನ ದೇಶಕ್ಕಾಗಿ, ನನ್ನ ಜಗತ್ತಿಗಾಗಿ ಅಂತ ಅದು ಮುಗಿಯುತ್ತದೆ. ಆ ಕೊನೆಯ ‘ಜಗತ್ತು’ ಸೇರಿದ್ದು 1973ರಲ್ಲಿ. ಅದಕ್ಕೆ ಮುಂಚೆ ದೇಶಕ್ಕೇ ಮುಗಿದುಹೋಗುತ್ತಿತ್ತು.

ಮೊದಲ ಸಭೆಗೆ ಹೋದಾಗ ನನಗೆ ನಗು ತಡೆಯಲಿಲ್ಲ. ಹದಿನಾರು ವರ್ಷದ ಹುಡುಗಿ ಅಧ್ಯಕ್ಷೆ. ಹದಿಮೂರರ ಹುಡುಗ ಕಾರ್ಯದರ್ಶಿ. ಹಿಂದಿನ ಸಭೆಯ ನಡಾವಳಿ ಓದಿದ. ಖಜಾಂಚಿ ಬ್ಯಾಂಕಿನಲ್ಲಿರುವ ದುಡ್ಡಿನ ಲೆಕ್ಕ ಕೊಟ್ಟ. ಪ್ಯಾನ್‌ಕೇಕ್ ತಿಂಡಿಯ ಕೂಟ ಮಾಡಿ ಹಣ ಕೂಡಿಸಬೇಕು ಅಂತ ಒಬ್ಬ ಸೂಚಿಸಿದ. ಯಾರಾದರೂ ಅನುಮೋದಿಸುತ್ತೀರಾ ಅಂದಾಗ ನನ್ನ ಮಗಳು ಕೈ ಎತ್ತಿ ಅನುಮೋದಿಸಿದಳು! ಪರವಾಗಿ ಎಷ್ಟು, ವಿರುದ್ಧ ಎಷ್ಟು, ಎಣಿಸಿ ಬರೆದುಕೊಂಡರು. ದೊಡ್ಡವರು ಹಿಂದಿನ ಬೆಂಚಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ನಮ್ಮೂರಿನ ಹಾಲಿನ ಡೇರಿಯ ವಾರ್ಷಿಕ ಸಭೆ ನೆನಪಾಯಿತು. ಅಲ್ಲಿ ಇಷ್ಟು ಶಿಸ್ತು ಕಂಡದ್ದಿಲ್ಲ, ಕುರ್ಚಿ ಹಾರಿದ್ದು ಕಂಡಿದ್ದೇನೆ.

ಪ್ರತಿ ಮಗುವೂ ವರ್ಷಕ್ಕೊಂದಾದರೂ ಪ್ರಾಜೆಕ್ಟು ಹಿಡಿಯಬೇಕು. ಕರು ಸಾಕಬಹುದು, ಹೊಲಿಗೆ, ಮರಗೆಲಸ, ರಾಕೆಟ್, ಫೋಟೋ, ಏನಾದರೂ ಸರಿ. ಜುಲೈಯಲ್ಲಿ ಕೌಂಟಿ ಜಾತ್ರೆ. ಅದಕ್ಕೆ ತಂದು ತೋರಿಸಬೇಕು. ಮಗಳಿಗೆ ಕುರಿಮರಿ ಬೇಕಿತ್ತು. ಬೇಡ ಅಂದೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಕೊನೆಗೆ ತರಕಾರಿ ತೋಟಕ್ಕೆ ಒಪ್ಪಿದಳು. ಎಲ್ಲರಂತೆ ಟೊಮ್ಯಾಟೊ ಯಾಕೆ, ಅವರೆ ಹಾಕೋಣ ಅಂತ ಆಸೆ ಹುಟ್ಟಿಸಿದ್ದು ನಾನೇ. ಇಂಡಿಯನ್ ಅಂಗಡಿಯಿಂದ ತಂದ ಅಡುಗೆಯ ಅವರೆಕಾಳನ್ನೇ ನೆನೆಸಿ ಮೇ ತಿಂಗಳಲ್ಲಿ ಊರಿದೆವು.

ಜಾತ್ರೆಯ ಹೊತ್ತಿಗೆ ತೋರಿಸಲು ಕಾಯಿ ಇಲ್ಲ. ಫೋಟೋ ಅಂಟಿಸಿ ಒಂದು ರಟ್ಟಿನ ಹಲಗೆ ಮಾಡಿದಳು. ಅದರ ಜೊತೆಗೆ ಒಂದು ಹಾಳೆ ಬರೆದಿಡಬೇಕು. ನಿನ್ನ ಗುರಿ ಏನಿತ್ತು? ಅದಕ್ಕೆ ಏನು ಮಾಡಿದೆ? ಏನು ಕಲಿತೆ? ತೀರ್ಪುಗಾರರು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾರೆ. ಒಬ್ಬರಿಗೆ ಮೊದಲ ಬಹುಮಾನ, ಉಳಿದವರು ಮನೆಗೆ ಅನ್ನುವ ಲೆಕ್ಕ ಇಲ್ಲ. ಇಂತಿಷ್ಟು ಮಟ್ಟ ಮುಟ್ಟಿದರೆ ನೀಲಿ ರಿಬ್ಬನ್, ಸ್ವಲ್ಪ ಕಮ್ಮಿಯಾದರೆ ಕೆಂಪು, ಇನ್ನೂ ಕಮ್ಮಿಯಾದರೆ ಬಿಳಿ. ಎಷ್ಟು ಮಕ್ಕಳಿಗೆ ಬೇಕಾದರೂ ನೀಲಿ ಬರಬಹುದು.

ನಮ್ಮದಕ್ಕೆ ಕೆಂಪು ಬಂತು. ಕಾಯಿ ಬಿಡಲಿಲ್ಲ ಅಂತ ಅಲ್ಲ. ಯಾವ ತಳಿ ಅಂತ ಬರೆದಿರಲಿಲ್ಲ, ಅದಕ್ಕೆ. ‘ಬೀನ್ಸು ಅಂದರೆ ಸಾಲದು, ಯಾವ ಬೀನ್ಸು? ಹೆಸರು ಗೊತ್ತಿದ್ದರೆ ತಾನೇ ಯಾಕೆ ಕಾಯಿ ಬಿಡಲಿಲ್ಲ ಅಂತ ಹುಡುಕುವುದು’ ಅಂದರಂತೆ ತೀರ್ಪುಗಾರರು. ಮಗಳು ಕಾರಿನಲ್ಲಿ ಅಳುತ್ತಾ ಬಂದಳು. ನನಗೂ ಸಿಟ್ಟು ಬಂದಿತ್ತು. ಈಗ ಯೋಚಿಸಿದರೆ ನಮಗೆ ಬೇಕಿದ್ದ ಮಾತು ಅದೊಂದೇ. ಅದನ್ನು ಕೇಳಿಸಿಕೊಂಡಿದ್ದರಿಂದಲೇ ಆಗಸ್ಟಿನಲ್ಲಿ ಬಳ್ಳಿ ಹೊತ್ತುಕೊಂಡು ಆಫೀಸಿಗೆ ಹೋಗಿದ್ದು.

ಆಮೇಲೆ ಈ ವ್ಯವಸ್ಥೆಯ ಹಿನ್ನೆಲೆ ಓದತೊಡಗಿದೆ. ಓದಿದಷ್ಟೂ ಕುತೂಹಲ ಜಾಸ್ತಿಯಾಯಿತು. ಇದು ಶುರುವಾದದ್ದೇ ಒಂದು ಸೋಲಿನಿಂದ. 1862ರಲ್ಲಿ, ಅಂತರ್ಯುದ್ಧದ ಮಧ್ಯೆ, ಲಿಂಕನ್ ಒಂದು ಕಾಯಿದೆಗೆ ಸಹಿ ಹಾಕಿದ. ರಾಜ್ಯಗಳಿಗೆ ಒಬ್ಬೊಬ್ಬ ಸಂಸದನ ಲೆಕ್ಕದಲ್ಲಿ 30,000 ಎಕರೆ ಭೂಮಿ. ಅದನ್ನು ಮಾರಿ ಕೃಷಿ ಕಾಲೇಜು ಕಟ್ಟಬೇಕು. ಒಪ್ಪಿಕೊಂಡ ಮೊದಲ ರಾಜ್ಯ ಅಯೋವಾ. ಆ ಭೂಮಿ ಎಲ್ಲಿಂದ ಬಂತು ಅಂತ ಕೇಳಬೇಕಲ್ಲ. ಮೂಲನಿವಾಸಿಗಳಿಂದ ಕಿತ್ತುಕೊಂಡದ್ದು. ಜಾತ್ರೆಯ ಭಾಷಣಗಳಲ್ಲಿ ಈ ಮಾತು ಬರುವುದಿಲ್ಲ.

ಕಾಲೇಜೇನೋ ಆಯಿತು. ಪ್ರೊಫೆಸರುಗಳು ಪುಸ್ತಿಕೆ ಬರೆದರು. ರೈತರು ಓದಲಿಲ್ಲ, ಓದಿದವರು ನಂಬಲಿಲ್ಲ. ಸೀಮನ್ ನ್ಯಾಪ್ ಅನ್ನುವವರು 1880ರ ದಶಕದಲ್ಲಿ ಅಯೋವಾದ ಕೃಷಿ ಕಾಲೇಜಿಗೆ ಅಧ್ಯಕ್ಷರಾಗಿದ್ದವರು. ಅವರು 1903ರಲ್ಲಿ ಟೆಕ್ಸಾಸಿನ ಟೆರೆಲ್ ಎಂಬ ಊರಿನಲ್ಲಿ ಬೇರೆ ದಾರಿ ಹಿಡಿದರು. ಹತ್ತಿಗೆ ಮೂತಿಹುಳು ಬಿದ್ದು ರೈತರು ಹಾಳಾಗುತ್ತಿದ್ದ ಕಾಲ. ಸರ್ಕಾರಿ ಫಾರಂ ಮಾಡಿ ತೋರಿಸಿದರೆ ‘ಸರ್ಕಾರದ ದುಡ್ಡು, ಬೆಳೀತಾರೆ ಬಿಡು’ ಅನ್ನುತ್ತಾರೆ. ಅದಕ್ಕೆ ಪೋರ್ಟರ್ ಎಂಬ ರೈತನ ಸ್ವಂತ ಹೊಲದಲ್ಲೇ ಅವನ ಕೈಯಿಂದಲೇ ಬೇಸಾಯ ಮಾಡಿಸಿದರು. ನಷ್ಟವಾದರೆ ತುಂಬಿಕೊಡುತ್ತೇವೆ ಅಂತ ಊರಿನ ವ್ಯಾಪಾರಿಗಳು ಹಣ ಒಟ್ಟುಮಾಡಿ ಇಟ್ಟರು. ಆ ಹಣ ಮುಟ್ಟುವ ಪ್ರಸಂಗವೇ ಬರಲಿಲ್ಲ. ಕೇಳಿದ್ದನ್ನು ಮನುಷ್ಯ ನಂಬದಿರಬಹುದು, ಕಂಡದ್ದನ್ನೂ ನಂಬದಿರಬಹುದು, ತಾನೇ ಮಾಡಿದ್ದನ್ನು ಮಾತ್ರ ಇಲ್ಲ ಅನ್ನಲಾರ. ಇದು ನ್ಯಾಪ್ ಅವರ ನಂಬಿಕೆ. ಇದರ ಮೇಲೆಯೇ 1914ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ಕೇಂದ್ರ, ರಾಜ್ಯ, ಕೌಂಟಿ ಮೂವರೂ ದುಡ್ಡು ಹಾಕಿ, ಕಾಲೇಜಿನ ತಿಳಿವನ್ನು ಕೌಂಟಿಗೆ ತಲುಪಿಸುವ ಏರ್ಪಾಡು. ಈಗಲೂ ನಮ್ಮ ಮನೆ ಕಂದಾಯದ ಚೀಟಿಯಲ್ಲಿ ಇದಕ್ಕೆ ಅಂತಲೇ ಒಂದು ಸಾಲು ಇರುತ್ತದೆ. ಅಯೋವಾದಲ್ಲಂತೂ ಪ್ರತಿ ಕೌಂಟಿಗೂ ಒಂಬತ್ತು ಜನರ ವಿಸ್ತರಣಾ ಮಂಡಳಿ, ಅದಕ್ಕೆ ಚುನಾವಣೆ ಬೇರೆ. ನನ್ನ ಗಂಡ ಇಲ್ಲಿ ಮೊದಲ ಸಲ ವೋಟು ಹಾಕಿ ಬಂದು, ‘ಒಂದೇ ಬ್ಯಾಲೆಟ್ಟಲ್ಲಿ ಮೇಲೆ ಅಮೆರಿಕದ ಅಧ್ಯಕ್ಷ, ಕೆಳಗೆ ನಮ್ಮ ಬೀದಿಯ ಹಂದಿ ಸಾಕೋರು’ ಅಂತ ನಕ್ಕಿದ್ದರು.

ಎಲ್ಲರಿಗೂ ಒಂದೇ ಬಗೆಯಾಗಿ ತಲುಪಿತು ಅಂತಲ್ಲ. ದಕ್ಷಿಣದ ರಾಜ್ಯಗಳಲ್ಲಿ ಕರಿಯ ರೈತರಿಗೆ ಬೇರೆಯೇ ಏಜೆಂಟರು, ಬೇರೆಯೇ ಮಕ್ಕಳ ಕ್ಲಬ್ಬು, ಕಮ್ಮಿ ಸಂಬಳ, ಕಮ್ಮಿ ದುಡ್ಡು. ಆದರೆ ಈ ಕೆಲಸದ ಅತಿ ಚೆಂದದ ಪ್ರಸಂಗ ಹುಟ್ಟಿದ್ದೂ ಅವರ ಕಡೆಯಿಂದಲೇ. ಅಲಬಾಮಾದ ಟಸ್ಕೆಗೀ ಸಂಸ್ಥೆಯವರು 1906ರಲ್ಲಿ ಒಂದು ಕುದುರೆಗಾಡಿಗೆ ನೇಗಿಲು, ಬೀಜ, ಬೆಣ್ಣೆ ಕಡೆಯುವ ಸಾಮಾನು ತುಂಬಿಸಿ ಹಳ್ಳಿ ಹಳ್ಳಿಗೆ ಕಳಿಸಿದರು. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಗಾಡಿಯ ಯೋಜನೆ ಹಾಕಿದವರು. ಥಾಮಸ್ ಕ್ಯಾಂಬೆಲ್ ಅದನ್ನು ನಡೆಸಿದವರು. ಬರಲಾರದವರ ಬಾಗಿಲಿಗೆ ಶಾಲೆಯೇ ಹೋಯಿತು.

ಮಕ್ಕಳ ಕ್ಲಬ್ಬಿನ ಕಥೆ ಇನ್ನೂ ಮಜವಾಗಿದೆ. ಅಪ್ಪಂದಿರು ಕೇಳುವುದಿಲ್ಲ, ಮಕ್ಕಳು ಕೇಳುತ್ತಾರೆ. ಇಷ್ಟೇ ಗುಟ್ಟು. 1902ರ ಜನವರಿಯಲ್ಲಿ ಒಹಾಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡಿನಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾಧಿಕಾರಿ ಸುಮಾರು ಮೂವತ್ತು ಮಕ್ಕಳನ್ನು ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ ಸೇರಿಸಿದರು. ಬೀಜ ಆರಿಸುವುದು, ಲಿಟ್ಮಸ್ ಕಾಗದ ಇಟ್ಟು ಮಣ್ಣಿನ ಹುಳಿ ನೋಡುವುದು ಇಂಥವನ್ನು ಕಲಿಸಿದರು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ನಮ್ಮ ಅಯೋವಾದ ಪೇಜ್ ಕೌಂಟಿಯಲ್ಲಿ ಜೆಸ್ಸಿ ಫೀಲ್ಡ್ ಎಂಬ ಹಳ್ಳಿ ಶಾಲೆಯ ಮೇಡಂ ಹುಡುಗರಿಗೆ ಜೋಳದ ಕ್ಲಬ್ಬು, ಹುಡುಗಿಯರಿಗೆ ಮನೆಗೆಲಸದ ಕ್ಲಬ್ಬು ಮಾಡಿದರು. ಹುಡುಗನ ಅರ್ಧ ಎಕರೆ ಅಪ್ಪನ ಹೊಲಕ್ಕಿಂತ ಚೆನ್ನಾಗಿ ಬಂದರೆ ಅಪ್ಪ ಎಷ್ಟು ದಿನ ಬೇರೆ ಕಡೆ ನೋಡಿಕೊಂಡು ನಿಲ್ಲುತ್ತಾನೆ? ಮಕ್ಕಳ ಕೈಯಲ್ಲಿ ದೊಡ್ಡವರಿಗೆ ಪಾಠ. ಈ ಉಪಾಯದಲ್ಲಿ ಒಂಚೂರು ಮೋಸ ಇದೆ ಅನ್ನಿಸುತ್ತದೆ ನನಗೆ. ಆದರೆ ಒಳ್ಳೆಯ ಮೋಸ.

ದೊಡ್ಡವರಾದರೂ ಯಾರ ಮಾತು ಕೇಳಿ ಬದಲಾಗುತ್ತಾರೆ ಅನ್ನುವುದನ್ನೂ ಅಯೋವಾದಲ್ಲೇ ಲೆಕ್ಕ ಹಾಕಿದ್ದಾರೆ. ಬ್ರೈಸ್ ರಯಾನ್, ನೀಲ್ ಗ್ರಾಸ್ ಎಂಬಿಬ್ಬರು 1943ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಹೈಬ್ರಿಡ್ ಮುಸುಕಿನ ಜೋಳ ಬಂದಾಗ ಎರಡು ಊರುಗಳ 259 ರೈತರು ಯಾವ ವರ್ಷ, ಯಾರ ಮಾತಿಗೆ ಅದನ್ನು ಹಿಡಿದರು ಅಂತ ಕೇಳಿದರು. ಸುದ್ದಿ ಮೊದಲು ತಂದವರು ಬೀಜ ಮಾರುವವರು. ಮನಸ್ಸು ಗಟ್ಟಿ ಮಾಡಿದವರು ಅಕ್ಕಪಕ್ಕದ ಹೊಲದವರು. ಮೊದಲ ವರ್ಷ ಹೆಚ್ಚಿನವರು ಪೂರ್ತಿ ಹೊಲಕ್ಕೆ ಹಾಕುತ್ತಿರಲಿಲ್ಲ. ಒಂದು ಮೂಲೆ, ಮರುವರ್ಷ ಇನ್ನಷ್ಟು. ಈ ವಿಷಯವನ್ನೇ ಮುಂದೆ ದೊಡ್ಡ ಶಾಸ್ತ್ರವಾಗಿ ಬೆಳೆಸಿದ ಎವರೆಟ್ ರೋಜರ್ಸ್ ಕೂಡ ಅಯೋವಾದ ಕ್ಯಾರಲ್ ಊರಿನ ರೈತನ ಮಗ. ಅವರ ಅಪ್ಪ ಹೊಸ ಯಂತ್ರ ಅಂದರೆ ಮುಂದು, ಹೈಬ್ರಿಡ್ ಬೀಜ ಅಂದರೆ ಹಿಂದು. 1936ರ ಬರದಲ್ಲಿ ಪಕ್ಕದವರ ಹೈಬ್ರಿಡ್ ಜೋಳ ನೆಟ್ಟಗೆ ನಿಂತು ತಮ್ಮದು ಬಾಡಿದಾಗಲೇ ಅವರು ಬಗ್ಗಿದ್ದು.

ಇದನ್ನು ಓದಿ ನನ್ನ ತಾತನ ನೆನಪಾಯಿತು, ಅಂದರೆ ಅಪ್ಪನ ಅಪ್ಪ. ನಮ್ಮೂರಿಗೆ ಇಂಡಾಫ್ ರಾಗಿ ಬಂದದ್ದು ಎಪ್ಪತ್ತರ ದಶಕದಲ್ಲಿ. ಮಂಡ್ಯದ ವಿ. ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಕೂಡಿಸಿ ಮಾಡಿದ ತಳಿ. ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಗ್ರಾಮಸೇವಕರು ಸೈಕಲ್ಲಿನಲ್ಲಿ ಚೀಲ ಹೇರಿಕೊಂಡು ಬಂದು ಜಗಲಿಯ ಮೇಲೆ ಕೂತು ಹೇಳಿದರಂತೆ. ತಾತ ಮಜ್ಜಿಗೆ ಕೊಟ್ಟು ಕಳಿಸಿದರಂತೆ, ಅಷ್ಟೆ. ಅಪ್ಪನಿಗೆ ಆಗ ಹದಿನೆಂಟೋ ಹತ್ತೊಂಬತ್ತೋ. ರೇಡಿಯೋದಲ್ಲಿ ‘ಕೃಷಿರಂಗ’ ಕೇಳುವ ಚಟ. ತಾತನಿಗೆ ಹೇಳದೆ ಬಾವಿ ಪಕ್ಕದ ಒಂದು ಮಡಿಗೆ ಆ ಬೀಜ ಚೆಲ್ಲಿದರು. ಸುಗ್ಗಿಯಲ್ಲಿ ತಾತ ಆ ತೆನೆ ಹಿಡಿದು ನೋಡಿ ಏನೂ ಮಾತಾಡಲಿಲ್ಲವಂತೆ. ಮರುವರ್ಷ ತಾವೇ ಗ್ರಾಮಸೇವಕರನ್ನು ಹುಡುಕಿಕೊಂಡು ಹೋದರಂತೆ. ಒಹಾಯೋದ ನೆಲಮಾಳಿಗೆಯ ಉಪಾಯ ನಮ್ಮ ಬಾವಿ ಪಕ್ಕದ ಮಡಿಯಲ್ಲಿ ಯಾರೂ ಕಲಿಸದೆಯೇ ನಡೆದುಹೋಗಿತ್ತು.

ಈಗ ಕುರಿಮರಿಯ ವಿಷಯ. ಜಾತ್ರೆಯ ಪಶುಶಾಲೆಗೆ ಹೋದರೆ ಕಣ್ಣು ತುಂಬುತ್ತದೆ. ಮಕ್ಕಳು ಕರುವನ್ನು ಶಾಂಪೂ ಹಾಕಿ ತೊಳೆದು, ಒಣಗಿಸಿ, ಬಾಚಿ ನಿಲ್ಲಿಸುತ್ತಾರೆ. ರಾತ್ರಿ ಅದರ ಪಕ್ಕದ ಹುಲ್ಲಿನ ಮೇಲೇ ಮಲಗುತ್ತಾರೆ. ಎಲ್ಲಕ್ಕೂ ಹೆಸರು. ಪ್ರದರ್ಶನದ ಕಣದಲ್ಲಿ ಬಿಳಿ ಶರ್ಟು ತೊಟ್ಟ ಹುಡುಗ ತನ್ನ ಮೂರರಷ್ಟು ದೊಡ್ಡ ಹೋರಿಯನ್ನು ಹಗ್ಗ ಹಿಡಿದು ನಡೆಸುತ್ತಾನೆ. ಕಣ್ಣು ತೀರ್ಪುಗಾರರ ಮೇಲೆ. ಕೊನೆಯ ದಿನ ಹರಾಜು. ಊರಿನ ಬ್ಯಾಂಕಿನವರು, ಪಶು ಆಹಾರದ ಅಂಗಡಿಯವರು ಮಕ್ಕಳಿಗೆ ಪ್ರೋತ್ಸಾಹ ಅಂತ ಪೇಟೆ ಬೆಲೆಗಿಂತ ಜಾಸ್ತಿ ಕೂಗುತ್ತಾರೆ. ಮಗುವಿನ ಕಾಲೇಜಿನ ಖರ್ಚಿಗೆ ದುಡ್ಡಾಗುತ್ತದೆ. ಆಮೇಲೆ ಲಾರಿ ಬರುತ್ತದೆ. ಹೋರಿ ಹತ್ತಿದ ಮೇಲೆ ಹದಿನೈದು ವರ್ಷದ ಹುಡುಗರು ಟೋಪಿ ಮುಖಕ್ಕೆ ಎಳೆದುಕೊಂಡು ಗೋಡೆ ಕಡೆ ತಿರುಗಿ ನಿಲ್ಲುವುದನ್ನು ಕಂಡಿದ್ದೇನೆ.

ನಮ್ಮ ಮನೆಯಲ್ಲಿ ಮಾಂಸ ತಿನ್ನುತ್ತೇವೆ. ಹಾಗಾಗಿ ನನಗೆ ಇದು ಧರ್ಮದ ಪ್ರಶ್ನೆ ಅಲ್ಲ. ನಮ್ಮಜ್ಜಿ ಮಾರಮ್ಮನ ಹಬ್ಬಕ್ಕೆ ಬಿಟ್ಟ ಮರಿಗೆ ಹೆಸರಿಡಲು ಬಿಡುತ್ತಿರಲಿಲ್ಲ. ‘ಹೆಸರು ಮಡಗಿದ್ರೆ ಗಂಟ್ಲಲ್ಲಿ ಇಳಿಯಲ್ಲ’ ಅನ್ನುತ್ತಿದ್ದರು. ಇಲ್ಲಿ ಹೆಸರಿಡಿಸಿ, ಹತ್ತಿರ ಮಲಗಿಸಿ, ಆಮೇಲೆ ಮಾರಿಸುತ್ತಾರೆ. ಊಟದ ಬೆಲೆ ಗೊತ್ತಾಗಬೇಕು ಅಂತ ಒಬ್ಬ ತಂದೆ ನನಗೆ ವಿವರಿಸಿದರು. ಅವರ ಮಾತು ತಪ್ಪು ಅನ್ನಲಾರೆ. ಅಜ್ಜಿಯ ಮಾತೂ ತಪ್ಪಲ್ಲ. ಹತ್ತು ವರ್ಷದ ನನ್ನ ಮಗಳಿಗೆ ಮಾತ್ರ ಅಜ್ಜಿಯ ದಾರಿಯೇ ಇರಲಿ ಅಂದುಕೊಂಡೆ.

ಇನ್ನೊಂದು ಮಾತು ಹೇಳದಿದ್ದರೆ ಹೊಗಳಿಕೆ ಜಾಸ್ತಿಯಾಗುತ್ತದೆ. ನೂರು ವರ್ಷ ಇಳುವರಿ ಹೆಚ್ಚಿಸಿ ಅಂತ ಕಲಿಸಿದ್ದರ ಫಲವಾಗಿಯೇ ಈ ಎರಡೇ ಬೆಳೆಯ, ಜನರಿಲ್ಲದ ಹೊಲಗಳು. ಹಾಕಿದ ಗೊಬ್ಬರದ ನೈಟ್ರೇಟು ನದಿಗೆ ಇಳಿಯುತ್ತದೆ. ರಾಜಧಾನಿ ಡಿ ಮಾಯಿನ್‌ನ ನೀರು ಸರಬರಾಜಿನವರು ಅದನ್ನು ತೆಗೆಯಲು ಬೇರೆ ಘಟಕವನ್ನೇ ಕಟ್ಟಬೇಕಾಯಿತು. 2015ರಲ್ಲಿ ನದಿಯ ಮೇಲ್ಗಡೆಯ ಮೂರು ಕೌಂಟಿಗಳ ಮೇಲೆ ಕೋರ್ಟಿಗೂ ಹೋದರು. 2017ರಲ್ಲಿ ಆ ದಾವೆ ಬಿದ್ದುಹೋಯಿತು. ನೀರು ಹಾಗೇ ಇದೆ. ಈಗ ಅದೇ ಎಕ್ಸ್‌ಟೆನ್ಷನ್ನಿನವರು ಗೊಬ್ಬರ ಕಮ್ಮಿ ಹಾಕಿ, ಚಳಿಗಾಲದಲ್ಲಿ ಹೊಲ ಬೋಳು ಬಿಡಬೇಡಿ ಅಂತ ಸಭೆ ಮಾಡುತ್ತಾರೆ. ಕಲಿಸಿದ್ದನ್ನು ಮರೆಸುವುದು ಕಲಿಸುವುದಕ್ಕಿಂತ ಕಷ್ಟ ಅಂತ ಕಾಣುತ್ತದೆ.

ಆದರೂ ಬೆಳೆಯ ಸಲಹೆ ಒಂದೇ ಇವರ ಕೆಲಸ ಆಗಿದ್ದರೆ ಇಂಟರ್ನೆಟ್ ಬಂದ ಮೇಲೆ ಈ ಆಫೀಸು ಮುಚ್ಚಿಹೋಗುತ್ತಿತ್ತು. ಎಂಬತ್ತರ ದಶಕದಲ್ಲಿ ಇಲ್ಲಿ ರೈತರು ಸಾಲದಲ್ಲಿ ಮುಳುಗಿ ಹೊಲ ಹರಾಜಾಗುತ್ತಿದ್ದಾಗ, 1985ರಲ್ಲಿ, ಅಯೋವಾದ ಎಕ್ಸ್‌ಟೆನ್ಷನ್ನಿನವರು ಒಂದು ಫೋನ್ ಸಹಾಯವಾಣಿ ಶುರು ಮಾಡಿದರು. ಹಗಲು ರಾತ್ರಿ ಯಾರು ಬೇಕಾದರೂ ಫೋನು ಮಾಡಿ ಗೋಳು ಹೇಳಿಕೊಳ್ಳಬಹುದು. ದುಡ್ಡು ಕೊಡಬೇಕಿಲ್ಲ, ಕಾನೂನಿನ ವಿಷಯಕ್ಕೂ ದಾರಿ ಹೇಳುತ್ತಾರೆ. ಇವತ್ತಿಗೂ ಅದು ನಡೆಯುತ್ತಿದೆ. ಆ ನಂಬರಿನ ಚೀಟಿ ಅದೇ ಕೌಂಟರಿನ ಮೇಲೆ, ಜೀರುಂಡೆಯ ಬಾಟಲಿಯ ಪಕ್ಕದಲ್ಲಿ ಇರುತ್ತದೆ. ಹುಳು ತೋರಿಸಲು ಬಂದವನು ಚೀಟಿಯನ್ನೂ ಜೇಬಿಗೆ ಹಾಕಿಕೊಂಡು ಹೋಗಬಹುದು, ಯಾರೂ ಗಮನಿಸುವುದಿಲ್ಲ. ನಮ್ಮ ಕಡೆಯ ರೈತ ಸಂಪರ್ಕ ಕೇಂದ್ರಗಳಿಗೆ ಬೀಜಕ್ಕೆ, ಸಬ್ಸಿಡಿಗೆ ಅಂತ ಹೋಗಿ ನಿಲ್ಲುವವರ ಮುಖ ನೆನೆದರೆ ಅಲ್ಲೂ ಇಂಥದೊಂದು ಚೀಟಿ ಇರಬಾರದೇ ಅನ್ನಿಸುತ್ತದೆ.

ಈಗ ಈ ಆಫೀಸೂ ಸೊರಗಿದೆ. ಮೊದಲು ಕೌಂಟಿಗೊಬ್ಬ ನಿರ್ದೇಶಕರು ಇರುತ್ತಿದ್ದರು. 2009ರ ಹೊತ್ತಿಗೆ ಬಜೆಟ್ ಕಡಿದಾಗ ಆ ಏರ್ಪಾಡು ಹೋಗಿ ಹಲವು ಕೌಂಟಿಗಳಿಗೆ ಸೇರಿ ಒಬ್ಬರಾದರು. ಬೆಳೆ ತಜ್ಞರೂ ಹಾಗೆಯೇ, ಹತ್ತಾರು ಕೌಂಟಿ ಸುತ್ತುತ್ತಾರೆ. ಕೌಂಟರಿನ ಹೆಂಗಸು ಮಾತ್ರ ಇದ್ದಲ್ಲೇ ಇದ್ದಾರೆ.

ಅಕ್ಟೋಬರ್ ಮೊದಲ ವಾರ ನಮ್ಮ ಅವರೆಯಲ್ಲಿ ಬಿಳಿ ಹೂ ಕಂಡಿತು. ಮೂರನೇ ದಿನ ಹಿಮ ಬಿದ್ದು ಬಳ್ಳಿ ಪೂರಾ ಬೆಂದಂತೆ ಕಪ್ಪಾಯಿತು. ಮಗಳು ಕ್ಲಬ್ಬಿನ ಲೆಕ್ಕದ ಪುಸ್ತಕ ತೆಗೆದು ಕೂತಳು. ಅದರಲ್ಲಿ ಖರ್ಚು ಎಲ್ಲ ಬರೆಯಬೇಕು. ಕಾಳು, ದಾರ, ಬಿದಿರುಕಡ್ಡಿ. ತಾನು ದುಡಿದ ಗಂಟೆಗಳನ್ನೂ ಬರೆಯಬೇಕು. ಆದಾಯದ ಕಡೆ ಸೊನ್ನೆ. ಸೊನ್ನೆ ಬರೆಯಲು ಅವಳಿಗೆ ನಾಚಿಕೆ. ಬರಿ ಅಂದೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಬೇಸಾಯ ಮಾಡಿದರೂ ತಾವು ದುಡಿದ ದಿನಗಳನ್ನು ಯಾರೂ ಖರ್ಚಿನ ಕಡೆ ಬರೆದವರಲ್ಲ. ಬರೆದಿದ್ದರೆ ಯಾವ ವರ್ಷವೂ ಬಿತ್ತುತ್ತಲೇ ಇರಲಿಲ್ಲವೇನೋ.

ಚಳಿಗಾಲದಲ್ಲಿ ಅಪ್ಪನೇ ದಾರಿ ತೋರಿಸಿದರು. ‘ಹೆಬ್ಬಾಳದ್ದು ಹಾಕ್ರಿ. ಅದು ಹೊತ್ತು ನೋಡಲ್ಲ. ನಮ್ಮೂರಲ್ಲಿ ಬ್ಯಾಸಗೇಲೂ ಹಾಕ್ತಾರೆ.’ ಹೆಬ್ಬಾಳ ಅವರೆ ಅಂದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಳಿ. ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವ, ಬಳ್ಳಿಯಾಗದೆ ಪೊದೆಯಾಗಿ ನಿಲ್ಲುವ ಗಿಡ. ಓದುತ್ತಾ ಹೋದರೆ ಆ ವಿಶ್ವವಿದ್ಯಾಲಯವನ್ನು 1964ರಲ್ಲಿ ಕಟ್ಟುವಾಗ ಮಾದರಿಯಾಗಿದ್ದದ್ದು ಅಮೆರಿಕದ ಇದೇ ಭೂದಾನದ ಕಾಲೇಜುಗಳು, ಕೈಜೋಡಿಸಿದ್ದು ಟೆನೆಸಿ ವಿಶ್ವವಿದ್ಯಾಲಯ. ಲಿಂಕನ್ ಸಹಿ ಹಾಕಿದ ಕಾಯಿದೆ ಸುತ್ತಿ ಬಳಸಿ ಹೆಬ್ಬಾಳಕ್ಕೆ ಹೋಗಿ, ಅವರೆಯಾಗಿ ನಮ್ಮ ಹಿತ್ತಿಲಿಗೆ ಬರಬೇಕಿತ್ತು.

ಊರಿಂದ ಬೀಜ ತರುವುದಕ್ಕೆ ಅನುಮತಿ ಪತ್ರ ಬೇಕು. ಸೂಟ್‌ಕೇಸಿನಲ್ಲಿ ಸುಮ್ಮನೆ ಹಾಕಿಕೊಂಡು ಬರಬೇಡಿ ಅಂತ ಕೌಂಟರಿನ ಹೆಂಗಸು ಮೊದಲೇ ಎಚ್ಚರಿಸಿದ್ದರು. ಟೆಕ್ಸಾಸಿನಲ್ಲಿರುವ ಪರಿಚಯದ ಆಂಟಿಯೊಬ್ಬರು ಬಹಳ ವರ್ಷದಿಂದ ಪೊದೆ ಅವರೆ ಬೆಳೆದು ಬೀಜ ಎತ್ತಿಡುತ್ತಿದ್ದರು. ಇದು ಹೆಬ್ಬಾಳದ್ದೇ, ಅದರಲ್ಲೂ ಮೂರನೇ ನಂಬರಿನ ತಳಿಯೋ ನಾಲ್ಕನೆಯದೋ ನೆನಪಿಲ್ಲ ಅಂತ ಒಂದು ಹಿಡಿ ಕಳಿಸಿದರು. ಕಳೆದ ಮೇ ತಿಂಗಳಲ್ಲಿ ಊರಿದೆವು. ಜುಲೈ ಜಾತ್ರೆಯ ಹೊತ್ತಿಗೆ ಹೂ. ಆಗಸ್ಟಿನಲ್ಲಿ ಕಾಯಿ! ಮೊದಲ ಕೊಯ್ಲಿನಲ್ಲಿ ಸಾರು ಮಾಡಿ ಡಬ್ಬಿಯಲ್ಲಿ ಹಾಕಿಕೊಂಡು ಎಕ್ಸ್‌ಟೆನ್ಷನ್ ಆಫೀಸಿಗೂ ಕೊಟ್ಟೆವು. ಆ ಹೆಂಗಸು ಚಮಚ ಹಿಡಿದು ಒಂದು ಕ್ಷಣ ನಮ್ಮ ಮುಖ ನೋಡಿದರು. ಆಮೇಲೆ ತಿಂದರು. ಖಾರ ಅಂದರು. ಎಷ್ಟು ಹೊತ್ತು ಬೇಯಿಸಿದಿರಿ, ನೀರು ಎಷ್ಟು ಸಲ ಚೆಲ್ಲಿದಿರಿ ಅಂತ ಬರೆದುಕೊಂಡರು.

ಅವತ್ತು ಸಂಜೆ ಮಗಳು ತಾತನಿಗೆ ವಿಡಿಯೋ ಕಾಲ್ ಮಾಡಿ ಕಾಯಿ ತೋರಿಸಿದಳು. ಅಪ್ಪ ಕನ್ನಡಕ ಮೇಲೆತ್ತಿ ನೋಡಿದರು.

‘ಮೂಗಿಗೆ ಹಿಡಿ. ಸೊಗಡು ಐತಾ?’

ಅವಳು ಮೂಸಿದಳು. ಕೈ ಉಜ್ಜಿಕೊಂಡು ಇನ್ನೊಮ್ಮೆ ಮೂಸಿದಳು.

‘ಇಲ್ಲ ತಾತ. ಬರೀ ಎಲೆ ವಾಸನೆ.’

‘ಹಂಗಾದ್ರೆ ಹೆಬ್ಬಾಳದ್ದೇ, ಅನುಮಾನ ಇಲ್ಲ. ಬರ್ಕೊ.’

ಅವಳು ಪುಸ್ತಕ ತೆಗೆದು ತಳಿಯ ಹೆಸರಿನ ಸಾಲಿನಲ್ಲಿ ‘ಹೆಬ್ಬಾಳ ಅವರೆ’ ಅಂತ ತುಂಬಿದಳು. ಪಕ್ಕದಲ್ಲಿ ‘ಸೊಗಡು’ ಅಂತ ಇಂಗ್ಲಿಷ್ ಅಕ್ಷರದಲ್ಲೇ ಬರೆದು, ಎದುರಿಗೆ ಒಂದು ಸೊನ್ನೆ ಹಾಕಿದಳು.